ಆ ಆರು ಸೆಕೆಂಡ್ ನನಗೆ ಕೇಳಿಸಿರಲೇ ಇಲ್ಲ

ಪಾಡ್‌ಕಾಸ್ಟ್ ಕೇಳುವ ಹುಚ್ಚು ಇರುವವರಿಗೆ ಒಂದು ಬಟನ್ ಗೊತ್ತಿರುತ್ತದೆ. ಮಾತಿನ ನಡುವಿನ ಮೌನವನ್ನು ತಾನಾಗಿಯೇ ಕತ್ತರಿಸಿ ಹಾಕುವ ಬಟನ್. ನಾನು ವರ್ಷಗಟ್ಟಲೆ ಅದನ್ನು ಆನ್ ಮಾಡಿಯೇ ಇಟ್ಟಿದ್ದೆ. ಜೊತೆಗೆ 1.5ಎಕ್ಸ್ ಸ್ಪೀಡ್. ಎಷ್ಟೊಂದು ಎಪಿಸೋಡ್ ಮುಗಿಸಿದೆ ಅಂತ ಖುಷಿಯೂ ಇತ್ತು.

ಹೋದ ತಿಂಗಳು ಫೋನ್ ಬದಲಾಯಿಸಿದೆ. ಹಳೆಯ ಸೆಟ್ಟಿಂಗ್ ಎಲ್ಲ ಹೋಯಿತು. ಅದು ಗೊತ್ತಿಲ್ಲದೆ, ಮೊದಲೇ ಒಮ್ಮೆ ಕೇಳಿದ್ದ ಸಂದರ್ಶನವೊಂದನ್ನು ಮತ್ತೆ ಹಾಕಿದೆ. ನಿರೂಪಕಿ ಅತಿಥಿಗೆ ಕೇಳುತ್ತಾರೆ, ಅಪ್ಪನ ಜೊತೆ ಕೊನೆಯ ಸಲ ಏನು ಮಾತಾಡಿದಿರಿ ಅಂತ. ಹಿಂದಿನ ಸಲ ನನಗೆ ಕೇಳಿಸಿದ್ದು ಪ್ರಶ್ನೆಯ ಬೆನ್ನಿಗೇ ಬಂದ ಉತ್ತರ: ‘ನೆನಪಿಲ್ಲ.’ ಎಷ್ಟು ಒರಟು ಮನುಷ್ಯ ಅಂದುಕೊಂಡಿದ್ದೆ.

ಈ ಸಲ ಪ್ರಶ್ನೆ ಮುಗಿದ ಮೇಲೆ ಏನೂ ಕೇಳಿಸಲಿಲ್ಲ. ನೆಟ್ ಹೋಯಿತೇನೋ ಅಂತ ಫೋನ್ ನೋಡಿದೆ. ಇಲ್ಲ, ಸೆಕೆಂಡ್‌ಗಳು ಓಡುತ್ತಿದ್ದವು. ಕುರ್ಚಿ ಸಣ್ಣಗೆ ಕಿರುಗುಟ್ಟಿತು. ಯಾರೋ ಉಸಿರು ಎಳೆದುಕೊಂಡರು. ಆಮೇಲೆ ಅದೇ ಮಾತು, ‘ನೆನಪಿಲ್ಲ.’ ಆ ಮನುಷ್ಯನಿಗೆ ಒಂದೊಂದು ಪದವೂ ನೆನಪಿದೆ ಅಂತ ಆಗ ಗೊತ್ತಾಯಿತು.

ಹಿಂದೆ ಹೋಗಿ ಎಣಿಸಿದೆ. ಆರು ಸೆಕೆಂಡ್. ನನ್ನ ಆ್ಯಪ್ ಅದನ್ನು ಕಸ ಅಂತ ತೆಗೆದು ಹಾಕಿತ್ತು. ಹಾಗೆ ಮಾಡು ಅಂತ ಹೇಳಿದ್ದು ನಾನೇ.

ಅವತ್ತಿನಿಂದ ನೋಡುವ, ಕೇಳುವ ಎಲ್ಲದರಲ್ಲೂ ಈ ಖಾಲಿ ಜಾಗಗಳನ್ನೇ ಹುಡುಕುತ್ತಿದ್ದೇನೆ. ಅವು ಎಲ್ಲ ಕಡೆ ಕಮ್ಮಿ ಆಗುತ್ತಿವೆ ಅನ್ನಿಸುತ್ತಿದೆ.

ಹಾಡುಗಳನ್ನೇ ತೆಗೆದುಕೊಳ್ಳಿ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ಕೇಳುವವರು ಮುಂದಿನ ಹಾಡಿಗೆ ಹಾರಿದರೆ ಮುಗಿಯಿತು. ಹಾಗಿರುವಾಗ ನಿಧಾನವಾಗಿ ಶುರುವಾಗುವ ಹಾಡು ಮಾಡಲು ಯಾರಿಗೆ ಧೈರ್ಯ ಬರುತ್ತದೆ? ಆದರೆ ಈ ಅವಸರ ಸ್ಟ್ರೀಮಿಂಗ್‌ಗಿಂತ ಹಳೆಯದು. 1986ರಿಂದ 2015ರವರೆಗಿನ ಅಮೆರಿಕದ ಟಾಪ್ 10 ಹಾಡುಗಳನ್ನು ಸಂಶೋಧಕರೊಬ್ಬರು ಅಳೆದು ನೋಡಿದ್ದಾರೆ. ಎಂಬತ್ತರ ದಶಕದ ನಡುವಿನಲ್ಲಿ ಗಾಯಕರ ದನಿ ಬರುವ ಮುಂಚಿನ ಭಾಗ ಸರಾಸರಿ 20 ಸೆಕೆಂಡ್‌ಗಿಂತ ಜಾಸ್ತಿ ಇತ್ತು. ಕೊನೆಗೆ ಅದು ಸುಮಾರು 5 ಸೆಕೆಂಡ್‌ಗೆ ಇಳಿದಿತ್ತು.

ನಮ್ಮ ಹಳೆಯ ಸಿನಿಮಾ ಹಾಡುಗಳನ್ನು ನಾವು ಗುರುತು ಹಿಡಿಯುವುದೇ ಆ ಮೊದಲ ಭಾಗದಿಂದ ಅಲ್ವಾ? ಪಿಟೀಲುಗಳು ಒಂದು ಸಾಲು ನುಡಿಸುತ್ತವೆ, ಕೊಳಲು ಅದಕ್ಕೆ ಉತ್ತರ ಕೊಡುತ್ತದೆ. ಗಾಯಕರು ಬಾಯಿ ತೆರೆಯುವ ಮುಂಚೆಯೇ ನಾವು ಹಾಡಿನೊಳಗೆ ಹೋಗಿ ಕೂತಿರುತ್ತೇವೆ. ಪಲ್ಲವಿಗೂ ಚರಣಕ್ಕೂ ನಡುವಿನ ಬಿಜಿಎಂ ಕೂಡ ನನಗೆ ಬಾಯಿಪಾಠ. ಸಾಹಿತ್ಯ ಮರೆತ ಹಾಡುಗಳಲ್ಲೂ ಅದು ಉಳಿದಿದೆ.

ಇನ್ನೊಂದು ವಿಷಯ ದನಿಯ ಏರಿಳಿತ. ಹಾಡಿನ ಮೆತ್ತಗಿನ ಭಾಗವನ್ನು ಮೇಲೆತ್ತಿ, ಜೋರಿನ ಭಾಗವನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಮಿತಿಯಲ್ಲಿದ್ದರೆ ಅದು ಬೇಕಾದ ಕೆಲಸವೇ. ಸಿಡಿ ಕಾಲದಲ್ಲಿ ಪಕ್ಕದ ಆಲ್ಬಮ್‌ಗಿಂತ ನಮ್ಮದು ಜೋರಾಗಿ ಕೇಳಿಸಲಿ ಅಂತ ಅದು ಮಿತಿ ಮೀರಿತು. ಅದಕ್ಕೆ ಲೌಡ್‌ನೆಸ್ ವಾರ್ ಅಂತಲೇ ಹೆಸರು ಬಂತು. 2008ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಬಂದಾಗ, ಸಿಡಿಗಿಂತ ‘ಗಿಟಾರ್ ಹೀರೋ’ ವಿಡಿಯೋ ಗೇಮ್‌ನಲ್ಲಿರುವ ಅದೇ ಹಾಡುಗಳು ಚೆನ್ನಾಗಿ ಕೇಳಿಸುತ್ತವೆ ಅಂತ ಅಭಿಮಾನಿಗಳೇ ಕಂಡುಹಿಡಿದರು. ಸಾವಿರಾರು ಜನ ಸಹಿ ಹಾಕಿ, ಮತ್ತೆ ಮಿಕ್ಸ್ ಮಾಡಿ ಅಂತ ಕೇಳಿದರು. ನನಗೆ ಆ ಅಭಿಮಾನಿಗಳ ಮೇಲೆ ತುಂಬಾ ಗೌರವ. ತಮ್ಮ ಕಿವಿಯನ್ನು ನಂಬಿದರು. ಈಗ ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲ ಹಾಡುಗಳ ಸದ್ದನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಹೊಂದಿಸುತ್ತವೆ. ಜೋರು ಮಾಡಿ ಗೆಲ್ಲುವುದಕ್ಕೆ ಇನ್ನೇನೂ ಉಳಿದಿಲ್ಲ. ಆದರೂ ಮೊದಲಿಂದ ಕೊನೆಯವರೆಗೆ ಗೋಡೆಯಂತೆ ನಿಲ್ಲುವ ಹಾಡುಗಳು ಬರುತ್ತಲೇ ಇವೆ.

ಸಿನಿಮಾ ವಿಷಯಕ್ಕೆ ಬಂದರೆ ನನಗೆ ಮೊದಲು ನೆನಪಾಗುವುದು ‘ಪುಷ್ಪಕ ವಿಮಾನ’. 1987ರ ಸಿನಿಮಾ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಪೂರ್ತಿ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಅದರಲ್ಲಿ ಕಮಲ್ ಹಾಸನ್‌ಗೆ ದೊಡ್ಡ ಹೋಟೆಲ್‌ನ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ಅಲ್ಲಿ ಸದ್ದೇ ಇಲ್ಲ, ಅದಕ್ಕೆ. ಕೊನೆಗೆ ತನ್ನ ಹಳೆಯ ಕೋಣೆಯ ಸುತ್ತಲಿನ ಗಲಾಟೆಯನ್ನು ಟೇಪ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಅದನ್ನು ಹಾಕಿಕೊಂಡು ನಿದ್ದೆ ಹೋಗುತ್ತಾನೆ. ಒಬ್ಬ ಬಡ ಹುಡುಗನ ಇಡೀ ಬದುಕು ಒಂದು ಟೇಪ್‌ನಲ್ಲಿ ಬಂದುಬಿಟ್ಟಿತು. ಇದನ್ನು ಮಾತಿನಲ್ಲಿ ಹೇಳಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿದ್ದೆನಾ?

ಈಗಿನ ಎಷ್ಟೋ ಸಿನಿಮಾಗಳಲ್ಲಿ ಹೀರೋ ಸುಮ್ನೆ ಕಿಟಕಿಯ ಹತ್ತಿರ ನಿಂತರೂ ಹಿನ್ನೆಲೆಯಲ್ಲಿ ಡ್ರಮ್ ಹೊಡೆಯುತ್ತಿರುತ್ತದೆ. ತಾಯಿ ಅಳುವಾಗ ಅವಳ ಅಳು ಕೇಳಿಸಬೇಕು. ನಮಗೆ ಕೇಳಿಸುವುದು ಪಿಟೀಲು. ಒಳ್ಳೆಯ ನಟರಿಗೆ ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಸಿನಿಮಾವನ್ನೂ ಸ್ಪೀಡ್ ಮಾಡಿ ನೋಡುವವರಿದ್ದಾರೆ. ನೆಟ್‌ಫ್ಲಿಕ್ಸ್ 2019ರಲ್ಲಿ ಈ ಸೌಲಭ್ಯವನ್ನು ಪರೀಕ್ಷೆ ಮಾಡಿದಾಗ ಬ್ರ್ಯಾಡ್ ಬರ್ಡ್, ಜಡ್ ಆಪಟೌ ಥರದ ನಿರ್ದೇಶಕರು ಜೋರಾಗಿಯೇ ವಿರೋಧಿಸಿದರು. ಮರುವರ್ಷ ಅದು ಬಂದೇ ಬಂತು. ಕಿವಿ ಕೇಳಿಸದವರಿಗೆ ಸಬ್‌ಟೈಟಲ್ ಓದಲು ನಿಧಾನದ ವೇಗ ನಿಜವಾಗಿ ಸಹಾಯ ಮಾಡುತ್ತದೆ. ಅದಕ್ಕಾಗಿ ಆ ಬಟನ್ ಇರಲೇಬೇಕು. ನನ್ನ ತಕರಾರು, ಎಲ್ಲ ಸರಿಯಾಗಿ ಕೇಳಿಸುವ, ಕಾಣಿಸುವ ನನ್ನಂಥವರು ಓಡಿಸಿಕೊಂಡು ನೋಡುವುದರ ಬಗ್ಗೆ. ಒಂದು ಮುಖದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲಬೇಕು ಅಂತ ಎಡಿಟರ್ ಎಷ್ಟು ಯೋಚಿಸಿ ಕತ್ತರಿ ಹಾಕಿರುತ್ತಾರೆ. ಅದನ್ನು ನಾವು ಒಂದು ಬೆರಳಲ್ಲಿ ಅಳಿಸುತ್ತೇವೆ.

ಸುದ್ದಿ, ಟೆಕ್ ಪಾಡ್‌ಕಾಸ್ಟ್‌ಗಳನ್ನು ಈಗಲೂ ವೇಗವಾಗಿಯೇ ಕೇಳುತ್ತೇನೆ. ಅಲ್ಲಿ ನನಗೆ ಬೇಕಿರುವುದು ಮಾಹಿತಿ ಮಾತ್ರ. ಸಂದರ್ಶನಗಳಿಗೆ ಮಾತ್ರ ಆ ಬಟನ್ ಆಫ್. ಹೊಸದನ್ನು ಹುಡುಕುವುದನ್ನೂ ನಿಲ್ಲಿಸಿ, ಆ ಪಾಡ್‌ಕಾಸ್ಟ್‌ನ ಹಳೆಯ ಎಪಿಸೋಡ್‌ಗಳನ್ನು ಮೊದಲಿನಿಂದ ಮತ್ತೆ ಕೇಳುತ್ತಿದ್ದೇನೆ. ಎಲ್ಲವನ್ನೂ ಒಮ್ಮೆ ಕೇಳಿದ್ದೆ ಅಂತ ಅಂದುಕೊಂಡಿದ್ದೆ. ಈಗ ನಾಲ್ಕನೆಯದರಲ್ಲಿದ್ದೇನೆ.