ಜೈಸಲ್ಮೇರ್‌ಗೆ ಹೋಗಿ, ಆದರೆ ಕೋಟೆಯೊಳಗೆ ರೂಮ್ ಮಾಡಬೇಡಿ

ಚಳಿಗಾಲ ಬಂತು ಅಂದರೆ ನಮ್ಮ ಕಡೆಯಿಂದ ರಾಜಸ್ಥಾನಕ್ಕೆ ಹೊರಡುವವರು ಜಾಸ್ತಿ. ಅವರಲ್ಲಿ ಜೈಸಲ್ಮೇರ್‌ವರೆಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ಹಗಲೆಲ್ಲ ಕೋಟೆಯಲ್ಲೇ ಕಳೆಯಿರಿ. ರಾತ್ರಿ ಉಳಿಯಲು ಮಾತ್ರ ಹೊರಗೆ ಜಾಗ ನೋಡಿಕೊಳ್ಳಿ.

ಕಾರಣ ನೀರು.

ಇಲ್ಲಿನ ರಾಜ ರಾವಲ್ ಜೈಸಲ್ 1156ರಲ್ಲಿ ಹಳೇ ರಾಜಧಾನಿ ಲೋದ್ರುವಾ ಬಿಟ್ಟು ಬಂದು ತ್ರಿಕೂಟ ಬೆಟ್ಟದ ಮೇಲೆ ಈ ಕೋಟೆ ಶುರುಮಾಡಿದ. ಇಲ್ಲಿ ಇಡೀ ವರ್ಷದ ಮಳೆ 200 ಮಿಲಿಮೀಟರ್ ದಾಟುವುದೇ ಕಷ್ಟ. ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನ ಸುರಿದದ್ದುಂಟು! ಆದ್ದರಿಂದ ಇಲ್ಲಿನವರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಗೋಡೆ ಎಬ್ಬಿಸಿದರು, ಮರದ ತೊಲೆಗಳ ಮೇಲೆ ದಪ್ಪಗೆ ಮಣ್ಣು ಹಾಕಿ ಮಾಳಿಗೆ ಮಾಡಿದರು. ಒಣ ಊರಿಗೆ ಹೇಳಿ ಮಾಡಿಸಿದ ಮನೆಗಳು. ನೀರನ್ನು ಕೆಳಗಿನ ಗಡೀಸರ್ ಕೆರೆಯಿಂದ ಹೆಂಗಸರು ಕೊಡದಲ್ಲಿ ಹೊತ್ತು ತರುತ್ತಿದ್ದರು. ಅಷ್ಟು ದೂರದಿಂದ ಹೊತ್ತು ತಂದ ನೀರನ್ನು ಯಾರು ಚೆಲ್ಲುತ್ತಾರೆ ಹೇಳಿ?

ಆಮೇಲೆ ಕೋಟೆಯೊಳಗೆ ನಲ್ಲಿ ಬಂತು. ಪ್ರವಾಸಿಗರು ಬಂದರು, ಮನೆಗಳು ಗೆಸ್ಟ್‌ಹೌಸ್‌ಗಳಾದವು, ಪ್ರತಿ ಕೋಣೆಗೂ ಶವರ್, ಫ್ಲಶ್. ಬಳಸಿದ ನೀರು, ಹಳೇ ಪೈಪುಗಳಿಂದ ಸೋರಿದ ನೀರು ಬೆಟ್ಟದೊಳಗೇ ಇಳಿಯುತ್ತಾ ಹೋಯಿತು. ಅಡಿಯಲ್ಲಿರುವುದು ಗಟ್ಟಿ ಬಂಡೆಯಲ್ಲ, ಜೇಡಿಮಣ್ಣು ಬೆರೆತ ಮೆದು ಪದರಗಳು. ನೆನೆದರೆ ಉಬ್ಬುತ್ತವೆ, ಜಾರುತ್ತವೆ. 1990ರ ದಶಕದಲ್ಲೇ ಹಳೇ ಸ್ಮಾರಕಗಳನ್ನು ಉಳಿಸುವ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. 2013ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿತು. ಆದರೂ 2024ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಗೋಡೆಯ ಒಂದು ಭಾಗ ಕುಸಿದು ಬಿತ್ತು.

ಹಾಗಂತ ಒಳಗಿರುವ ಜನರನ್ನು ಎಬ್ಬಿಸಬೇಕು ಅನ್ನುವ ಮಾತಿಗೆ ನಾನು ಖಂಡಿತ ಒಪ್ಪುವುದಿಲ್ಲ. ಹಂಪಿ ಬಜಾರಿನಲ್ಲಿ 2011ರಲ್ಲಿ ಮನೆ, ಅಂಗಡಿ ಕೆಡವಿದ್ದನ್ನು ನಾವು ನೋಡಿದ್ದೇವೆ. ಜನರಿಲ್ಲದ ಬೀದಿಯನ್ನು ಪರಂಪರೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಜೈಸಲ್ಮೇರ್ ಕೋಟೆಯಲ್ಲಿ ಇಂದಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಅದೇ ಅದರ ದೊಡ್ಡತನ. ಭಾರ ಕಡಿಮೆ ಮಾಡಬೇಕಾದವರು ನಾವು, ಬಂದು ಹೋಗುವವರು. ಅಲ್ಲೇ ಊಟ ಮಾಡಿ, ಅಲ್ಲೇ ಸಾಮಾನು ಕೊಳ್ಳಿ, ಅವರಿಗೆ ದುಡಿಮೆ ಆಗಲಿ. ಒಳಚರಂಡಿ ಸರಿಮಾಡಿಸುವ ಜವಾಬ್ದಾರಿ ಸರ್ಕಾರದ್ದು. ಅದನ್ನು ಮನೆಯವರ ತಲೆಗೆ ಕಟ್ಟಬಾರದು.

ನೋಡಲು ಏನೇನಿದೆ ಅಂತೀರಾ? ಪಟ್ವಾ ವ್ಯಾಪಾರಿಗಳ ಐದು ಹವೇಲಿಗಳಿಗೆ, ಅಂದರೆ ಕೆತ್ತನೆಯ ದೊಡ್ಡ ಮನೆಗಳಿಗೆ, ಎಲ್ಲರೂ ಹೋಗುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ನಥ್‌ಮಲ್ ಹವೇಲಿ. ಅಣ್ಣ ತಮ್ಮ ಇಬ್ಬರು ಶಿಲ್ಪಿಗಳು ಆಳಿಗೊಂದು ಪಕ್ಕ ಕೆತ್ತಿದರಂತೆ. ನಿಧಾನವಾಗಿ ನೋಡಿ, ಎಡ ಬಲ ಒಂದೇ ಥರ ಇಲ್ಲ. ಜೈನ ಬಸದಿಗಳನ್ನೂ ಅಲ್ಲಿನ ತಾಳೆಗರಿ ಭಂಡಾರವನ್ನೂ ಬಿಡಬೇಡಿ. ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾ ಎಂಬ ಹಳೇ ಜೈನ ತಾಳೆಗರಿ ಗ್ರಂಥಗಳ ಬಗ್ಗೆ ಗೊತ್ತಿರುವವರಿಗೆ ಅದರ ಬೆಲೆ ಬೇಗ ಅರ್ಥವಾಗುತ್ತದೆ.

ಇನ್ನು ಕುಲ್ಧರಾ, ಜೈಸಲ್ಮೇರ್ ಹತ್ತಿರದ ಪಾಳುಬಿದ್ದ ಹಳ್ಳಿ. ಯೂಟ್ಯೂಬ್‌ನವರು ಅದನ್ನು ದೆವ್ವದ ಊರು ಮಾಡಿಬಿಟ್ಟಿದ್ದಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಅಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಮರುಭೂಮಿಯಲ್ಲಿ ಗೋಧಿ, ಕಡಲೆ ಬೆಳೆದವರು. ಕಲ್ಲುನೆಲದ ಮೇಲೆ ಹರಿಯುವ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆ ಒಡ್ಡು ಹಾಕುತ್ತಿದ್ದರು. ನೀರು ನಿಂತು ಇಂಗಿದ ಮೇಲೆ ಆ ಹಸಿ ಮಣ್ಣಿನಲ್ಲೇ ಹಿಂಗಾರಿ ಬಿತ್ತನೆ. ಆಮೇಲೆ ನೀರು ಹಾಯಿಸುವ ಮಾತೇ ಇಲ್ಲ. ಇಂಥ ಹೊಲಕ್ಕೆ ಖಡೀನ್ ಅನ್ನುತ್ತಾರೆ. ಅವರು 19ನೇ ಶತಮಾನದಲ್ಲಿ ಊರು ಬಿಟ್ಟರು. ದಿವಾನ ಸಾಲಿಂ ಸಿಂಗನ ಕಾಟ, ತೆರಿಗೆ, ಬತ್ತಿದ ಬಾವಿಗಳು ಅಂತ ಕಾರಣ ಹಲವು ಹೇಳುತ್ತಾರೆ. ಅವರು ಬಿಟ್ಟುಹೋದ ಖಡೀನ್‌ಗಳಲ್ಲಿ ಕೆಲವು ಇವತ್ತಿಗೂ ಬೆಳೆ ಕೊಡುತ್ತಿವೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಟ್ಯಾಕ್ಸಿಯವರಿಗೆ ಹೇಳಿ, ಒಂದು ಖಡೀನ್ ತೋರಿಸಿ ಅಂತ. ಒಂಟೆ ಸವಾರಿಯ ಹೊತ್ತಿನಲ್ಲಿ ಒಂದು ಗಂಟೆ ಉಳಿಸಿಕೊಂಡರೆ ಸಾಕು.