ಆಯ ಮೊದಲು, ಲಗಾಮು ಆಮೇಲೆ

ಏಳೆಂಟು ವರ್ಷದ ಮಗುವನ್ನು ಕುದುರೆಯ ಮೇಲೆ ಕೂರಿಸಿ ಮೊದಲ ದಿನವೇ ಕೈಗೆ ಲಗಾಮು ಕೊಡುವುದು ತಪ್ಪೆಂಬುದು, ಕಳೆದ ದೀಪಾವಳಿಯಿಂದ ಪ್ರತಿ ಭಾನುವಾರ ಮಗಳನ್ನು ಸಾಗರದಿಂದ ಸುಮಾರು 70 ಕಿಲೊಮೀಟರ್ ದೂರದ ಶಿವಮೊಗ್ಗಕ್ಕೆ ಸವಾರಿ ಕಲಿಯಲು ಕರೆದೊಯ್ಯುತ್ತಿರುವ ನನ್ನ ಖಚಿತ ಅಭಿಪ್ರಾಯ. ಹೀಗೆಂದರೆ ಕೆಲವು ತಂದೆತಾಯಿಗಳಿಗೆ ಬೇಸರವಾಗುತ್ತದೆ. ಲಗಾಮು ಹಿಡಿಯದ ಫೋಟೊ ಯಾರಿಗೆ ಬೇಕು?

ಆಯ ತಪ್ಪಿದಾಗ ಕೈಗೆ ಸಿಕ್ಕಿದ್ದನ್ನು ಜಗ್ಗುವುದು ಮಕ್ಕಳ ಸಹಜ ಗುಣ. ಆ ಕೈಯಲ್ಲಿ ಲಗಾಮಿದ್ದರೆ ಜಗ್ಗಿದ ಪೆಟ್ಟು ಲೋಹದ ಕಡಿವಾಣದ ಮೂಲಕ ಕುದುರೆಯ ನಾಲಿಗೆಗೂ ಹಲ್ಲಿಲ್ಲದ ವಸಡಿಗೂ ತಾಗುತ್ತದೆ. ನೊಂದ ಕುದುರೆ ತಲೆಯೆತ್ತಿ ಬೆನ್ನು ಬಿಗಿಯುತ್ತದೆ, ಮೇಲಿದ್ದ ಮಗು ಇನ್ನಷ್ಟು ಕುಲುಕುತ್ತದೆ. ಅದಕ್ಕಾಗಿಯೇ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಿಂದ ನಿವೃತ್ತರಾದ ನಮ್ಮ ಗುರುಗಳು ಕುದುರೆಯನ್ನು ಉದ್ದ ಹಗ್ಗದಲ್ಲಿ ತಮ್ಮ ಸುತ್ತ ನಡೆಸುತ್ತಾ, ಮಗಳ ಪಾದಗಳನ್ನು ರಿಕಾಪಿನಿಂದ, ಅಂದರೆ ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಯಿಂದ, ಬಿಡಿಸಿ, ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿಸುತ್ತಾರೆ. "ಪುಟ್ಟಿ, ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಲಿ" ಎಂಬುದು ಅವರ ನಿತ್ಯಪಾಠ. ಹೆದರಿಕೆಯಾದರೆ ಹಿಡಿಯಲು ಕುದುರೆಯ ಕುತ್ತಿಗೆಗೊಂದು ಪಟ್ಟಿಯಿದೆ.

ಅಡಿಕೆ ಮರ ಹತ್ತುವವರನ್ನು ನೋಡುತ್ತ ಬೆಳೆದ ನಮ್ಮ ಕಡೆಯ ಮಕ್ಕಳು ಭಯವಾದೊಡನೆ ಕಾಲಿನಿಂದ ಅವುಚಿಕೊಳ್ಳುತ್ತಾರೆ. ಮರದಲ್ಲಿ ಆ ಹಿಡಿತ ಕಾಪಾಡುತ್ತದೆ. ಕುದುರೆಯ ಮೇಲೆ ಮೊಣಕಾಲು ಬಿಗಿದರೆ ಮಾತ್ರ, ಬೆರಳುಗಳ ನಡುವೆ ಅದುಮಿದ ಹಲಸಿನ ಬೀಜದಂತೆ ಮಗು ಜೀನಿನಿಂದ ಮೇಲಕ್ಕೆ ಜಾರುತ್ತದೆ. ಕಾಲು ಸಡಿಲವಾಗಿ ಇಳಿಬಿದ್ದು ಭಾರ ಹಿಮ್ಮಡಿಗೆ ಇಳಿಯಬೇಕು.

ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಶೂ ವಿಷಯದಲ್ಲಿ ಬಹಳ ಜನ ಎಡವುತ್ತಾರೆ: ಹಿಮ್ಮಡಿಯಿಲ್ಲದ ಚಪ್ಪಟೆ ಶೂ ರಿಕಾಪಿನೊಳಗೆ ಪೂರ್ತಿ ನುಗ್ಗಿದರೆ, ಬಿದ್ದ ಮಗುವನ್ನು ಕುದುರೆ ಎಳೆದುಕೊಂಡು ಹೋಗಬಹುದು. ನಮ್ಮ ಮಳೆಗಾಲದಲ್ಲಿ ಜೀನಿನ ಚರ್ಮಕ್ಕೆ ಬೂಸ್ಟು ಹಿಡಿದು ಹೊಲಿಗೆ ಲಡ್ಡಾಗುವುದರಿಂದ ಹತ್ತುವ ಮೊದಲು ಪ್ರತಿ ಪಟ್ಟಿಯನ್ನೂ ಎಳೆದು ನೋಡಬೇಕು. ಹೊಟ್ಟೆಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲವಾಗುತ್ತದೆ. ಜುಲೈ ತಿಂಗಳಲ್ಲಿ ಪಟ್ಟಿ ಬಿಗಿದವನು ನಾನೇ, ಮತ್ತೆ ನೋಡಲು ಮರೆತವನೂ ನಾನೇ. ಜೀನು ಪಕ್ಕಕ್ಕೆ ವಾಲಿತು. ಕುತ್ತಿಗೆಪಟ್ಟಿ ಹಿಡಿದೇ ಕೆಸರಿಗಿಳಿದ ಮಗಳು, "ಅಪ್ಪಯ್ಯ, ಬಿದ್ದಿದ್ದು ಜೀನು, ನಾನಲ್ಲ" ಎಂದಳು.

ಈಗ ಲಗಾಮು ಕೈಗೆ ಬಂದಿದೆ, ಆದರೆ ಗುರುಗಳು ಅದನ್ನು ಕಡಿವಾಣಕ್ಕೆ ಹೂ ಕಟ್ಟುವ ದಾರದ ಒಂದೆಳೆಯಿಂದ ಕಟ್ಟಿದ್ದಾರೆ; ಜಗ್ಗಿದರೆ ಹರಿಯುತ್ತದೆ. ಮೊನ್ನೆ ಭಾನುವಾರ ಎರಡು ಸಲ ಹರಿಯಿತು.