ತಾಳಕ್ಕೆ ಸಿಕ್ಕ ತಲೆದಿಂಬು

"ಎರಡೇ ವರ್ಷ ಅಲ್ವಾ, ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿದುಹೋಗುತ್ತೆ" ಎಂದರು ಪಕ್ಕದ ಮನೆಯವರು. ಲೆಕ್ಕ ಸರಿಯೇ. ನೇರವಾಗಿ ಬಿ.ಎಸ್ಸಿ. ನರ್ಸಿಂಗ್ ಸೇರಿದರೆ 4 ವರ್ಷ ಓದಬೇಕು. ನನ್ನ ಹಾಗೆ ಮೊದಲೇ ನರ್ಸಿಂಗ್ ಡಿಪ್ಲೊಮಾ, ಅಂದರೆ ಜಿಎನ್‌ಎಂ ಮುಗಿಸಿದವರಿಗೆ ಪೋಸ್ಟ್ ಬೇಸಿಕ್ ಅಂತ ಇದೆ, 2 ವರ್ಷಕ್ಕೇ ಡಿಗ್ರಿ. ಆದರೆ ಕಾಲೇಜು ಶುರುವಾಗುವ ಮೊದಲಿನ ಒಂದು ತಿಂಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ನೋಡಿ.

ನಾನು ಹುಬ್ಬಳ್ಳಿಯಲ್ಲಿ ಜಿಎನ್‌ಎಂ ಮುಗಿಸಿದ್ದು 2009ರಲ್ಲಿ. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದೆ. ಎರಡು ವರ್ಷ ನೈಟ್ ಡ್ಯೂಟಿ, ಆಮೇಲೆ ಮಗಳು, ಆಮೇಲೆ ಮಾವನವರಿಗೆ ಲಕ್ವ. ಈಗ 38ಕ್ಕೆ ಮತ್ತೆ ಸೀಟು ಸಿಕ್ಕಿದೆ. ಅತ್ತೆಯವರಂತೂ ಬಂದವರಿಗೆಲ್ಲ, "ನಮ್ಮ ಸೊಸಿ ಮತ್ತ ಸಾಲಿಗೆ ಹೊಂಟಾಳ್ರೀ" ಎಂದು ಹೇಳುತ್ತಿದ್ದರು. ಹೆಮ್ಮೆಯೋ ದೂರೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮೊದಲು ಬೇಕಾದದ್ದು ಗ್ಯಾಪ್ ಅಫಿಡವಿಟ್. ಓದು ಬಿಟ್ಟು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಸ್ಟಾಂಪ್ ಪೇಪರಿನ ಮೇಲೆ ಪ್ರಮಾಣ ಮಾಡಿ ಹೇಳಬೇಕು. ಕಲ್ಯಾಣದಲ್ಲಿ ಒಬ್ಬ ಟೈಪಿಸ್ಟ್ ಹುಡುಗನ ಮುಂದೆ ಕೂತೆ. ಅವನ ಹತ್ತಿರ ಕಾರಣಗಳು ರೆಡಿ ಇದ್ದವು: ಕೆಲಸ, ಕಾಯಿಲೆ, ಮನೆ.

"ಎರಡು ವರ್ಷ ಕೆಲಸ ಮಾಡಿದೆ. ಆಮೇಲೆ ಮಾವನವರಿಗೆ ನಾಲ್ಕು ವರ್ಷ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಗಂಜಿ ಹಾಕಿದೆ. ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದೆ" ಎಂದೆ.

ಅವನು ಪಾಪ, ತಾಳ್ಮೆಯಿಂದ ಪೂರ್ತಿ ಕೇಳಿದ. ಆಮೇಲೆ ಟೈಪ್ ಮಾಡಿದ: 'ಮನೆಯಲ್ಲಿ ಇದ್ದೆ.' ಎರಡೇ ಪದ. ಪುಟದಲ್ಲಿ ಅಷ್ಟೇ ಜಾಗ ಇತ್ತಂತೆ. ಸಹಿ ಹಾಕಿ ಬಂದೆ.

ಆಮೇಲೆ ಯೂನಿಫಾರ್ಮ್. ಬಿಳಿ ಬಟ್ಟೆ ಅಗ್ಗಕ್ಕೆ ಸಿಗುತ್ತದೆ ಅಂತ ದಾದರಿನ ಹಿಂದ್‌ಮಾತಾಕ್ಕೆ ಹೋದೆ, ಅದೂ ಜುಲೈಯಲ್ಲಿ. ಮುಂಬಯಿಯಲ್ಲಿ ನಾಲ್ಕು ಹನಿ ಬಿದ್ದರೆ ಮೊದಲು ನೀರು ನಿಲ್ಲುವ ಜಾಗ ಯಾವುದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅಂಗಡಿಯಿಂದ ಹೊರಗೆ ಬಂದಾಗ ನೀರು ಮೊಣಕಾಲಿಗೆ ಬಂದಿತ್ತು. ಚಪ್ಪಲಿ ಹೋದರೆ ಹೋಗಲಿ ಅಂತ ಗಂಟನ್ನು ತಲೆಯ ಮೇಲೆ ಹೊತ್ತು, ಸ್ಟೇಷನ್ನಿಗೆ ಬಂದು, ಲೇಡೀಸ್ ಡಬ್ಬಿಯಲ್ಲಿ ಡೊಂಬಿವಲಿಯವರೆಗೂ ಮಗುವಿನ ಹಾಗೆ ಎದೆಗೆ ಅವಚಿಕೊಂಡು ನಿಂತೆ. ಒಂದು ಚುಕ್ಕೆ ಕೆಸರು ಬೀಳಲಿಲ್ಲ.

ಹೊಲಿಯುವ ಮೊದಲು ನೆನೆಸಿ ಕೊಡಿ ಎಂದಿದ್ದ ಟೇಲರ್. ಬಕೆಟ್ಟಿನಲ್ಲಿ ನೆನೆಸಿಟ್ಟು ಹಾಲು ತರಲು ಹೋದೆ. ಬರುವಷ್ಟರಲ್ಲಿ ಅತ್ತೆಯವರು ಸಹಾಯ ಮಾಡಿದ್ದರು.

"ನೀಲಿ ಹಾಕೀನಿ. ಬೆಳ್ಳಗ ಕಾಣಬೇಕಲ್ಲ?"

"ಎಷ್ಟು ಹಾಕಿದ್ರಿ ಅತ್ತಿ?"

"ಕೈ ಅಳತಿ."

ಬಕೆಟ್ಟಿನಲ್ಲಿ ಅರಬ್ಬಿ ಸಮುದ್ರವೇ ಇತ್ತು. ಔಷಧಿಯಾಗಲಿ ನೀಲಿಯಾಗಲಿ, ಡೋಸು ಬರೆದಿಡದಿದ್ದರೆ ಹೀಗೇ ಆಗೋದು. ಐದು ಸಲ ಜಾಲಿಸಿದ ಮೇಲೆ ಬಟ್ಟೆ ಬೆಳ್ಳಗಾಯಿತು ಅನ್ನುವುದಕ್ಕಿಂತ, ಮೋಡ ಕವಿದ ಆಕಾಶದ ಬಣ್ಣಕ್ಕೆ ಬಂತು ಅನ್ನಬಹುದು.

ಓದನ್ನಾದರೂ ಸ್ವಲ್ಪ ತಿರುವಿ ಹಾಕೋಣ ಅಂತ ಸಿಪಿಆರ್ ಹಿಡಿದೆ, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಟ್ಟು ಉಳಿಸಿಕೊಳ್ಳುವ ವಿದ್ಯೆ. ನಮಗೆ ಕಲಿಸಿದ್ದು ಎ-ಬಿ-ಸಿ: ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಕೊನೆಗೆ ಎದೆ ಒತ್ತುವುದು. ನಾನು ಪಾಸಾದ ಮರುವರ್ಷವೇ, 2010ರಲ್ಲಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನು ಸಿ-ಎ-ಬಿ ಮಾಡಿಬಿಟ್ಟಿದೆ. ಮೊದಲು ಎದೆ ಒತ್ತು, ಉಳಿದದ್ದು ಆಮೇಲೆ. ಒಂದು ವರ್ಷ ಮೊದಲೇ ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಈಗ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳಕ್ಕೆ, 30 ಸಲ ಒತ್ತಿ 2 ಸಲ ಉಸಿರು ಕೊಡಬೇಕು.

ಗಂಡನನ್ನು ಮಲಗಿಸಿ ಒತ್ತುವ ಹಾಗಿಲ್ಲ. ಬಡಿಯುತ್ತಿರುವ ಹೃದಯದ ಮೇಲೆ ಪ್ರಾಕ್ಟೀಸ್ ಮಾಡಬಾರದು. ಹಾಗಾಗಿ ಅತ್ತೆಯವರು ಊರಿಂದ ತಂದಿದ್ದ ಬೂರಲ ಹತ್ತಿಯ ತಲೆದಿಂಬನ್ನು ನೆಲದ ಮೇಲೆ ಮಲಗಿಸಿದೆ. ಲಯ ಸಿಗುತ್ತಿರಲಿಲ್ಲ. ಅತ್ತೆಯವರು, "ತಾಳ ಬೇಕೇನು? ತಡಿ" ಎಂದು ಚಪ್ಪಾಳೆ ತಟ್ಟುತ್ತಾ ಭಜನೆ ಶುರುಮಾಡಿದರು. ಅದ್ಭುತವಾಗಿ ಕೂತಿತು. ಗಡಿಯಾರ ನೋಡಿದೆ, ಸರಿಯಾಗಿ 110.

ಆದರೆ ಭಜನೆ ಒಂದೇ ಲಯದಲ್ಲಿ ನಿಲ್ಲುವ ವಸ್ತುವಲ್ಲ. ಮೂರನೇ ನುಡಿಗೆ ಅವರ ಕಣ್ಣು ಮುಚ್ಚಿತು, ತಾಳ ದುಗುಣಕ್ಕೆ ಏರಿತು. ನಾನೂ ಬಿಡಲಿಲ್ಲ. ಮೊಣಕೈ ನೆಟ್ಟಗೆ, ಭುಜದ ಭಾರವೆಲ್ಲ ಅಂಗೈಗೆ. ವಿಠ್ಠಲ, ವಿಠ್ಠಲ, ವಿಠ್ಠಲ... ಐದು ಸೆಂಟಿಮೀಟರ್ ಯಾವಾಗ ದಾಟಿತೋ ಗೊತ್ತಿಲ್ಲ. ಪರ್ ಅಂತ ಒಂದು ಹೊಲಿಗೆ ಬಿಟ್ಟಿತು. ಮೇಲೆ ಫ್ಯಾನ್ ಐದರಲ್ಲಿತ್ತು.

ಬೂರಲ ಹತ್ತಿ ಕೆಳಗೆ ಬೀಳುವುದೇ ಇಲ್ಲ, ಅದು ತೇಲುತ್ತದೆ. ಕುಕ್ಕರಿನ ಮೇಲೆ, ದೇವರ ಫೋಟೋ ಮೇಲೆ, ಒಣಗಲು ಹಾಕಿದ ನೀಲಿ ಯೂನಿಫಾರ್ಮ್ ಬಟ್ಟೆಯ ಮೇಲೆ. ಅಷ್ಟರಲ್ಲಿ ಬಾಗಿಲು ತೆಗೆದು ಇವರು ಒಳಗೆ ಬಂದರು. ಮಳೆಯಲ್ಲಿ ನೆನೆದ ಮೈ, ಹತ್ತಿ ಎಲ್ಲವೂ ಹೋಗಿ ಅಲ್ಲೇ ಅಂಟಿತು. ಒಂದು ನಿಮಿಷ ಸುಮ್ನೆ ನಿಂತಿದ್ದು ಕೇಳಿದರು: "ಪೇಶಂಟ್ ಉಳಿದನಾ?"

ಕೊನೆಯದಾಗಿ, ಸೆಕೆಂಡ್ ಮುಳ್ಳಿನ ಗಡಿಯಾರ ಕೊಂಡೆ. ನಾಡಿ ಎಣಿಸಲು ಅದೇ ಬೇಕು. ಅತ್ತೆಯವರ ಮಣಿಕಟ್ಟಿಗೆ ಮೂರು ಬೆರಳು ಇಟ್ಟು ಗಡಿಯಾರ ನೋಡಿದರೆ ಮುಳ್ಳು ಮಂಜು ಮಂಜು. ಕೈಯನ್ನು ದೂರ ಚಾಚಿದೆ, ಆಗ ಕಂಡಿತು. ನಲವತ್ತಕ್ಕೆ ಬರಬೇಕಾದ ಚಾಳೀಸು ಎರಡು ವರ್ಷ ಮೊದಲೇ ಬಂದಿತ್ತು. ಆ ದಿನ ಎಪ್ಪತ್ತಾರು ಎಣಿಸಿದೆ. ಆವತ್ತಿನಿಂದ ಅತ್ತೆಯವರು ಬೆಳಿಗ್ಗೆ ಚಹಾಕ್ಕೂ ಮೊದಲು ಕೈ ಚಾಚುತ್ತಾರೆ.

ಇವತ್ತು ಕಾಲೇಜಿನ ಮೊದಲ ದಿನ. ಬಿಳಿ ಬೂಟು ಪ್ಲಾಸ್ಟಿಕ್ ಚೀಲದಲ್ಲಿ, ಕಾಲಿಗೆ ಹವಾಯಿ ಚಪ್ಪಲಿ. ಲೋಕಲ್ಲಿಗೆ ಇನ್ನು ಹನ್ನೆರಡು ನಿಮಿಷ. ಅತ್ತೆಯವರ ಕೈ ಆಗಲೇ ಮುಂದಿತ್ತು. ನಿಂತಲ್ಲೇ ಎಣಿಸಿ, "ಎಂಬತ್ತೆರಡು" ಎಂದೆ.

"ನಿನ್ನಿ ಎಪ್ಪತ್ತೆಂಟಿತ್ತಲ್ಲ? ಚಾಳೀಸು ಹಾಕ್ಕೊಂಡು ಇನ್ನೊಮ್ಮೆ ಎಣಸು."